ಮುಟ್ಟಾಗುವವರೆಲ್ಲ ಹೆಣ್ಣೇ? ಹೆಣ್ಣಾದವರೆಲ್ಲ ಮುಟ್ಟಾಗುತ್ತಾರೆಯೇ?

2018ರ ಡಿಸೆಂಬರ್‌ನಲ್ಲಿ ಶಬರಿಮಲೆಗೆ ಹೊರಟಿದ್ದ ನಾಲ್ವರು ಟ್ರಾನ್ಸ್ ಮಹಿಳೆಯರನ್ನು (ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ತಮ್ಮನ್ನು ಹೆಣ್ಣೆಂದೇ ಅರಿತವರನ್ನು) ಪೊಲೀಸರು ದಾರಿಯಲ್ಲೇ ತಡೆದು ವಾಪಸು ಕಳಿಸಿದರು. ಎರಡು ದಿನದೊಳಗೆ ದೇವಸ್ಥಾನದ ತಂತ್ರಿಗಳು, ಪಂದಳಂ ಅರಮನೆಯವರು ತಮ್ಮ ಅಭ್ಯಂತರವಿಲ್ಲ ಎಂದರು. ಡಿಸೆಂಬರ್ 18ರಂದು ನಾಲ್ವರೂ ಕಪ್ಪು ಸೀರೆಯುಟ್ಟು, ಪೊಲೀಸ್ ಕಾವಲಿನಲ್ಲಿ ಬೆಟ್ಟ ಹತ್ತಿ ದರ್ಶನ ಪಡೆದರು. ಅದೇ ಹಂಗಾಮಿನಲ್ಲಿ, ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಕೊಟ್ಟ ಸೆಪ್ಟೆಂಬರ್ 28ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆಚ್ಚಿಕೊಂಡು ಹೋದ ಹತ್ತರಿಂದ ಐವತ್ತರೊಳಗಿನ ಹೆಂಗಸರನ್ನು ಗುಂಪುಗಳು ಅಡ್ಡಗಟ್ಟಿ ಹಿಂದಕ್ಕೆ ಅಟ್ಟುತ್ತಿದ್ದವು. ದೇವಸ್ಥಾನದ ಪರವಾಗಿ ಕೋರ್ಟಿನಲ್ಲಿ ಮಂಡಿಸಿದ್ದು ಅಯ್ಯಪ್ಪನ ನೈಷ್ಠಿಕ ಬ್ರಹ್ಮಚರ್ಯದ ವಾದ, ನಿಜ. ಆದರೆ 10ರಿಂದ 50 ಎಂಬ ಗೆರೆ ಮುಟ್ಟಿನ ವಯಸ್ಸಿನ ಅಂದಾಜಿನಿಂದ ಬಂದದ್ದು. ಒಂಬತ್ತರ ಹುಡುಗಿಗೂ ಐವತ್ತೈದರ ಅಜ್ಜಿಗೂ ಅಲ್ಲಿ ಯಾವತ್ತೂ ತಡೆಯಿರಲಿಲ್ಲ.

ಮುಟ್ಟು, ಹೆಣ್ಣಿನ ದೇಹ, ಹೆಣ್ಣು ಎಂಬ ಗುರುತು, ಹೆಣ್ಣು ಎಂಬ ಸಾಮಾಜಿಕ ಸ್ಥಾನ ಎಂಬ ಈ ನಾಲ್ಕನ್ನು ನಾವು ದಿನನಿತ್ಯ ಒಂದೇ ಎಂಬಂತೆ ಬಳಸುತ್ತೇವೆ. ಬಹುಪಾಲು ಜನರಲ್ಲಿ ನಾಲ್ಕೂ ಒಟ್ಟಿಗೆ ಇರುವುದರಿಂದ ತೊಂದರೆ ಕಾಣುವುದಿಲ್ಲ. ಅವು ಬೇರೆಯಾಗುವ ಕಡೆಯಲ್ಲೇ ಆಸ್ಪತ್ರೆಯ ಅರ್ಜಿ, ರಜೆಯ ಆದೇಶ, ಶೌಚಾಲಯದ ಬೋರ್ಡು, ಮದುವೆಯ ಕಾನೂನು ಎಲ್ಲವೂ ತಡವರಿಸುತ್ತವೆ. ಈ ವಿಷಯದಲ್ಲಿ ನಡೆಯುವ ಜಗಳಗಳಲ್ಲಿ ಬಹಳಷ್ಟು ಈ ನಾಲ್ಕರಲ್ಲಿ ಯಾವುದರ ಬಗ್ಗೆ ಮಾತು ಎಂದು ನಿಗದಿ ಮಾಡಿಕೊಳ್ಳದೆ ಹುಟ್ಟಿದವು. ಹಾಗಾಗಿ ದೇಹದಿಂದಲೇ ಶುರುಮಾಡುವುದು ಒಳ್ಳೆಯದು.

ಮುಟ್ಟಾಗಲು ಏನೇನು ಸರಿಯಿರಬೇಕು

ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಗಂಟೆ, ಒಂದೂವರೆ ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದು ಪಕ್ಕದ ಪಿಟ್ಯುಟರಿ ಗ್ರಂಥಿಯಿಂದ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಹೊರಡಿಸುತ್ತದೆ. ಅವು ರಕ್ತದಲ್ಲಿ ಅಂಡಾಶಯ ತಲುಪಿದಾಗ ಅಲ್ಲೊಂದು ಅಂಡಾಣು ಬೆಳೆಯತೊಡಗುತ್ತದೆ, ಜೊತೆಗೆ ಈಸ್ಟ್ರೊಜೆನ್ ತಯಾರಾಗುತ್ತದೆ. ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಅಂಡಾಣು ಹೊರಬಿದ್ದ ಮೇಲೆ ಉಳಿದ ಕೋಶಗಳು ಸುಮಾರು 14 ದಿನ ಪ್ರೊಜೆಸ್ಟರಾನ್ ಸುರಿಸಿ ಆ ಪದರವನ್ನು ಹಿಡಿದು ನಿಲ್ಲಿಸುತ್ತವೆ. ಗರ್ಭ ನಿಲ್ಲದಿದ್ದರೆ ಆ ಕೋಶಗಳು ಸಾಯುತ್ತವೆ, ಪ್ರೊಜೆಸ್ಟರಾನ್ ಕುಸಿಯುತ್ತದೆ, ಪದರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚಿ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ.

ಪ್ರೊಜೆಸ್ಟರಾನ್ ಕುಸಿತವೇ ಮುಟ್ಟಿನ ನೇರ ಕಾರಣ ಎನ್ನುವುದನ್ನು ನೆನಪಿಟ್ಟುಕೊಂಡರೆ ಬಹಳ ಸಂಗತಿ ತಿಳಿಯಾಗುತ್ತದೆ. ಹೊಟ್ಟೆನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಪ್ರೋಸ್ಟಗ್ಲಾಂಡಿನ್ ಆಗುವುದನ್ನೇ ತಡೆಯುವ ಮಾತ್ರೆ. ಅದಕ್ಕೇ ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಿನಲ್ಲೇ, ಊಟದ ಜೊತೆ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುತ್ತದೆ. ಹಬ್ಬಕ್ಕೆ, ಮದುವೆಗೆ, ತಿರುಪತಿ ಪ್ರಯಾಣಕ್ಕೆ ಮುಟ್ಟು ಮುಂದೂಡಲು ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಯ್ಯುವ ನೊರೆಥಿಸ್ಟರಾನ್ ಪ್ರೊಜೆಸ್ಟರಾನಿನಂತೆ ನಟಿಸುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು ಸಲ, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರು. ಮಾತ್ರೆ ನುಂಗುವವರೆಗೆ ಕುಸಿತವಿಲ್ಲ, ಪದರ ಕಳಚುವುದಿಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ. ತಡವಾಗಿ ಶುರುಮಾಡಿದರೆ ಕೆಲಸ ಮಾಡದೆ ನಡುವೆ ನಡುವೆ ಹನಿಯುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ಕಾಯಿಲೆ, ಕಣ್ಣಿಗೆ ಮಿಂಚು ಬಡಿದಂತಾಗಿ ಬರುವ ಮೈಗ್ರೇನ್ ಇರುವವರಿಗೆ ಇದು ಅಪಾಯಕಾರಿ. ಆದ್ದರಿಂದ ಅಂಗಡಿಯವರ ಬದಲು ವೈದ್ಯರನ್ನು ಕೇಳಬೇಕು. ಈ ಮಾತ್ರೆ ಮುಂದೆ ಇನ್ನೊಂದು ಕಡೆಯೂ ಬರಲಿದೆ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 24ರಿಂದ 38 ದಿನ, ರಕ್ತಸ್ರಾವ ಎಂಟು ದಿನದೊಳಗೆ, ಒಟ್ಟು ರಕ್ತ ಸುಮಾರು 30ರಿಂದ 40 ಮಿಲಿಲೀಟರ್ ಇದ್ದರೆ ಸಹಜ. 80 ಮಿಲಿ ದಾಟಿದರೆ ಅತಿಸ್ರಾವ. ಯಾರೂ ಅಳೆದು ನೋಡುವುದಿಲ್ಲವಾದ್ದರಿಂದ ಗುರುತು ಹೀಗೆ: ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆಗಳು ಬೀಳುವುದು, ಮೆಟ್ಟಿಲು ಹತ್ತಿದರೆ ಏದುಸಿರು. ಆಗ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಬಿಡಬಾರದು.

ಮುಟ್ಟಾಗದ ಹೆಣ್ಣುಗಳು

ಮಿದುಳು, ಅಂಡಾಶಯ, ಗರ್ಭಕೋಶ, ಹೊರದಾರಿ ಇವುಗಳಲ್ಲಿ ಎಲ್ಲಿ ತಡೆಯಾದರೂ ಮುಟ್ಟು ಕಾಣುವುದಿಲ್ಲ. ಮೈತೂಕ ತೀರಾ ಇಳಿದರೆ, ಕಠಿಣ ಕ್ರೀಡಾ ತರಬೇತಿಯಲ್ಲಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ತಡೆ ಮಿದುಳಿನ ಮಟ್ಟದಲ್ಲಿ. ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನಲ್ಲಿ ಅಂಡಾಣು ಸಮಯಕ್ಕೆ ಬಿಡುಗಡೆಯಾಗುವುದಿಲ್ಲ. ಸಂತಾನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಇದು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಟರ್ನರ್ ಸಿಂಡ್ರೋಮ್‌ನಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದ ಕಾರಣ ಅಂಡಾಶಯ ಬೇಗ ಸೋತುಹೋಗಿರುತ್ತದೆ. ನೂರರಲ್ಲಿ ಒಬ್ಬರಿಗೆ ನಲವತ್ತಕ್ಕೆ ಮುಂಚೆಯೇ ಅಂಡಾಶಯ ಕೆಲಸ ನಿಲ್ಲಿಸುತ್ತದೆ. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಗರ್ಭಕೋಶದ ಕ್ಷಯ. ಅದು ಒಳಪದರವನ್ನೇ ತಿಂದು ಹಾಕುತ್ತದೆ.

ಕನ್ಯಾಪೊರೆಯಲ್ಲಿ ರಂಧ್ರವಿಲ್ಲದ ಹುಡುಗಿಯರ ಕಥೆ ಬೇರೆ. ಅವರು ಒಳಗೇ ಮುಟ್ಟಾಗುತ್ತಿರುತ್ತಾರೆ, ರಕ್ತ ಹೊರಗೆ ಬರುವುದಿಲ್ಲ. ಪ್ರತಿ ತಿಂಗಳೂ ಹೊಟ್ಟೆನೋವು, ನಿಧಾನವಾಗಿ ಕೆಳಹೊಟ್ಟೆಯಲ್ಲಿ ಗಡ್ಡೆಯಂತೆ ಉಬ್ಬು, ಕೊನೆಗೆ ಮೂತ್ರವೇ ಕಟ್ಟಿಕೊಳ್ಳುತ್ತದೆ. ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಇದು ಪೂರ್ತಿ ಸರಿಹೋಗುತ್ತದೆ. ‘ಇನ್ನೂ ದೊಡ್ಡವಳಾಗಿಲ್ಲ’ ಎಂದು ಸುಮ್ಮನಿದ್ದರೆ ಆ ಹುಡುಗಿ ವರ್ಷಗಟ್ಟಲೆ ನರಳುತ್ತಾಳೆ.

ಎಂಆರ್‌ಕೆಎಚ್ ಎಂಬ ಸ್ಥಿತಿಯ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಹುಟ್ಟುವ ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಗರ್ಭಕೋಶ, ಯೋನಿಯ ಮೇಲ್ಭಾಗ ರೂಪುಗೊಂಡಿರುವುದಿಲ್ಲ. ಕ್ರೋಮೋಸೋಮ್ ಎಕ್ಸ್‌ಎಕ್ಸ್, ಅಂಡಾಶಯ ಎರಡೂ ಸರಿಯಾಗಿವೆ, ಎದೆ ಬೆಳೆಯುತ್ತದೆ. ಮುಟ್ಟು ಮಾತ್ರ ಇಲ್ಲ. ಇನ್ನೊಂದು ಸ್ಥಿತಿ ಆಂಡ್ರೊಜೆನ್ ಅಸಂವೇದನೆ. ಇಲ್ಲಿ ಕ್ರೋಮೋಸೋಮ್ ಎಕ್ಸ್‌ವೈ, ಹೊಟ್ಟೆಯೊಳಗೆ ವೃಷಣಗಳಿವೆ, ಅವು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ, ಆದರೆ ದೇಹದ ಜೀವಕೋಶಗಳು ಆ ಹಾರ್ಮೋನಿಗೆ ಓಗೊಡುವುದಿಲ್ಲ. ಮಗು ಹುಟ್ಟಿದಾಗ ಹೆಣ್ಣೆಂದೇ ಎಲ್ಲರೂ ನೋಡುತ್ತಾರೆ, ಹೆಣ್ಣಾಗಿಯೇ ಬೆಳೆಯುತ್ತದೆ, ಹದಿನೈದಾದರೂ ಮುಟ್ಟಾಗದಿದ್ದಾಗ ಮೊದಲ ಬಾರಿಗೆ ವಿಷಯ ತಿಳಿಯುತ್ತದೆ.

ಕ್ರಮ ಸರಳ. 13 ತುಂಬಿದರೂ ಎದೆ ಚಿಗುರದಿದ್ದರೆ, ಇಲ್ಲವೇ 15 ತುಂಬಿದರೂ ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಮೊದಲು ಹೊಟ್ಟೆಯ ಸ್ಕ್ಯಾನಿಂಗ್, ಗರ್ಭಕೋಶ ಇದೆಯೇ ಎಂದು ನೋಡಲು. ಜೊತೆಗೆ ಎಫ್‌ಎಸ್‌ಎಚ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ. ಗರ್ಭಕೋಶ ಇಲ್ಲದಿದ್ದರೆ ಟೆಸ್ಟೋಸ್ಟಿರಾನ್ ಮಟ್ಟ, ಕ್ರೋಮೋಸೋಮ್ ಪರೀಕ್ಷೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಸ್ಕ್ಯಾನಿಂಗೇ ಇಲ್ಲದೆ ಮುಟ್ಟು ಬರಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದು. ಗರ್ಭಕೋಶವೇ ಇಲ್ಲದವಳಿಗೆ ಯಾವ ಮಾತ್ರೆ ಕೊಟ್ಟರೂ ರಕ್ತ ಬರುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು ವಿಷಯ ಮುಚ್ಚಿಟ್ಟು ಮದುವೆ ಮಾಡುವುದು. ಎಂಆರ್‌ಕೆಎಚ್ ಇರುವವರಿಗೆ ಡೈಲೇಟರ್ ಬಳಸಿ ಯೋನಿಯನ್ನು ನಿಧಾನವಾಗಿ ಹಿಗ್ಗಿಸುವುದೇ ಮೊದಲ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಆಮೇಲಿನದು. ಗರ್ಭಕೋಶ ಕಸಿ ಮಾಡಿಸಿಕೊಂಡ ಮಹಿಳೆಯೊಬ್ಬರು ಸ್ವೀಡನ್‌ನಲ್ಲಿ 2014ರಲ್ಲಿ ಮೊದಲ ಬಾರಿಗೆ ಮಗು ಹೆತ್ತರು. ಪುಣೆಯಲ್ಲಿ 2017ರಲ್ಲಿ ಭಾರತದ ಮೊದಲ ಕಸಿ ನಡೆಯಿತು, ಮರುವರ್ಷ ಮಗುವೂ ಹುಟ್ಟಿತು.

ಇವರೆಲ್ಲ ಸಂಖ್ಯೆಯಲ್ಲಿ ಕಡಿಮೆ ಎನ್ನಬಹುದು. ಗರ್ಭಕೋಶ ತೆಗೆಸಿಕೊಂಡವರು ಕಡಿಮೆಯಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ, ಆಂಧ್ರ ತೆಲಂಗಾಣಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿ ಸರ್ಕಾರ ತನಿಖೆಗೆ ಸಮಿತಿ ಮಾಡಬೇಕಾಯಿತು. ಒಂದು ದಿನ ಕೆಲಸ ತಪ್ಪಿದರೆ ಮೇಸ್ತ್ರಿ ದಂಡ ಹಿಡಿಯುವ ಕಡೆ ಮುಟ್ಟೇ ಸಾಲದಂತೆ ಕಾಡುತ್ತದೆ. ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನು ನಿಲ್ಲುವುದಿಲ್ಲ. ಅದನ್ನೂ ತೆಗೆದಿದ್ದರೆ ಮೂವತ್ತರಲ್ಲೇ ಮೈ ಬಿಸಿಯೇರುವುದು, ನಿದ್ದೆಗೆಡುವುದು, ಮೂಳೆ ಸವೆಯುವುದು ಶುರು. ಅವರನ್ನು ಯಾರೂ ಹೆಣ್ಣಲ್ಲ ಎಂದು ಹೇಳುವುದಿಲ್ಲ, ಹೇಳಲೂ ಬಾರದು.

ಮುಟ್ಟಾಗುವ ಗಂಡಸರು

ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರೂ ತನ್ನನ್ನು ಗಂಡೆಂದೇ ಅರಿತವರು ಟ್ರಾನ್ಸ್ ಪುರುಷರು. ಗಂಡು ಹೆಣ್ಣು ಎರಡೂ ಅಲ್ಲ ಎನ್ನುವವರೂ ಇದ್ದಾರೆ. ಲಿಂಗತ್ವ ಎನ್ನುವುದು ಒಳಗಿನ ಅರಿವು. ಗರ್ಭಕೋಶ, ಅಂಡಾಶಯಗಳಿಗೆ ಅದರ ಸುಳಿವಿಲ್ಲ. ಆದ್ದರಿಂದ ಮುಟ್ಟು ಬರುತ್ತದೆ.

ಮೊದಲ ಮುಟ್ಟೇ ಇವರಲ್ಲಿ ಹಲವರಿಗೆ ಅತ್ಯಂತ ಕಷ್ಟದ ಘಳಿಗೆ. ನಮ್ಮ ಹಳ್ಳಿಗಳಲ್ಲಿ ಮೈನೆರೆದ ಹುಡುಗಿಗೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಹಸಿರು ಬಳೆ ತೊಡಿಸಿ ಮುತ್ತೈದೆಯರು ಆರತಿ ಎತ್ತುತ್ತಾರೆ. ಪ್ರೀತಿಯಿಂದಲೇ ಮಾಡುವ ಶಾಸ್ತ್ರ ಅದು, ಬೆಳೆಯುವ ಹುಡುಗಿಗೆ ಪೌಷ್ಟಿಕ ತಿನಿಸು ಸಿಗುವ ದಿನವೂ ಹೌದು. ತಾನು ಹುಡುಗ ಎಂದು ಒಳಗೊಳಗೇ ತಿಳಿದಿರುವ ಮಗುವಿಗೆ ಮಾತ್ರ ಇಡೀ ಊರು ಸೇರಿ ‘ನೀನು ಹೆಣ್ಣು’ ಎಂದು ಸಾರಿದಂತೆ ಆಗುತ್ತದೆ. ಅಲ್ಲಿಂದಾಚೆಗೆ ಆಟ ಬಂದ್, ಲಂಗ ದಾವಣಿ, ಮದುವೆಯ ಮಾತು. ಶಾಲೆ ಬಿಡುವುದು, ಮನೆ ಬಿಡುವುದು ಅನೇಕರಲ್ಲಿ ಇದೇ ಹೊತ್ತಿಗೆ ಶುರುವಾಗುತ್ತದೆ.

ವಯಸ್ಕರಾದ ಮೇಲೆ ಟೆಸ್ಟೋಸ್ಟಿರಾನ್ ಚಿಕಿತ್ಸೆ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಮಿದುಳಿನಿಂದ ಹೊರಡುವ ಎಫ್‌ಎಸ್‌ಎಚ್, ಎಲ್‌ಎಚ್ ತಗ್ಗುತ್ತವೆ, ಗರ್ಭಕೋಶದ ಪದರ ತೆಳುವಾಗುತ್ತದೆ. ಸಾಮಾನ್ಯವಾಗಿ 250 ಮಿಲಿಗ್ರಾಂ ಇಂಜೆಕ್ಷನ್ ಮೂರು ನಾಲ್ಕು ವಾರಕ್ಕೊಮ್ಮೆ, ಇಲ್ಲವೇ 1,000 ಮಿಲಿಗ್ರಾಂನ ದೀರ್ಘಾವಧಿಯ ಇಂಜೆಕ್ಷನ್ ಮೂರು ತಿಂಗಳ ಆಸುಪಾಸಿಗೊಮ್ಮೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕೇ ಬೇಕು, ಏಕೆಂದರೆ ಈ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 54 ದಾಟಿದರೆ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಭಯ, ಆಗ ಡೋಸ್ ಇಳಿಸಬೇಕು.

ಟೆಸ್ಟೋಸ್ಟಿರಾನ್ ಬೇಡ, ಮುಟ್ಟು ಮಾತ್ರ ನಿಲ್ಲಲಿ ಎನ್ನುವವರಿಗೂ ದಾರಿಯಿದೆ. ಹಬ್ಬಕ್ಕೆ ಮುಟ್ಟು ಮುಂದೂಡಲು ಬಳಸುವ ಅದೇ ನೊರೆಥಿಸ್ಟರಾನ್ ಅನ್ನು ಕಡಿಮೆ ಡೋಸಿನಲ್ಲಿ ದಿನವೂ ಕೊಡುವುದುಂಟು. ಮೂರು ತಿಂಗಳಿಗೊಮ್ಮೆ ಕೊಡುವ 150 ಮಿಲಿಗ್ರಾಂ ಡಿಎಂಪಿಎ ಇಂಜೆಕ್ಷನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನೇ ‘ಅಂತರ’ ಎಂದು ಗರ್ಭನಿರೋಧಕ್ಕೆ ಕೊಡುತ್ತಾರೆ. ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಆದರೆ ಇಡುವ ಪರೀಕ್ಷೆಯೇ ಹಲವರಿಗೆ ಅಸಹನೀಯ. ಒಂದೇ ಮಾತ್ರೆಯನ್ನು ಗೃಹಿಣಿ ಪೂಜೆಗಾಗಿ ನುಂಗಿದರೆ ಯಾರೂ ಹುಬ್ಬೇರಿಸುವುದಿಲ್ಲ, ಟ್ರಾನ್ಸ್ ಹುಡುಗನೊಬ್ಬ ತನ್ನ ನೆಮ್ಮದಿಗಾಗಿ ಕೇಳಿದರೆ ನೂರು ಪ್ರಶ್ನೆ ಏಳುತ್ತವೆ. ಈ ತಾರತಮ್ಯಕ್ಕೆ ವೈದ್ಯಕೀಯ ಕಾರಣವಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ನಿಜವಾಗಿ ಹಾನಿ ಮಾಡುತ್ತವೆ. ಮುಟ್ಟು ನಿಂತಿತೆಂದರೆ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳುವುದು ಮೊದಲನೆಯದು. ಟೆಸ್ಟೋಸ್ಟಿರಾನ್ ಗರ್ಭನಿರೋಧಕವಲ್ಲ. ಅಂಡಾಣು ಆಗೊಮ್ಮೆ ಈಗೊಮ್ಮೆ ಬಿಡುಗಡೆಯಾಗಬಹುದು, ಗರ್ಭ ನಿಂತರೆ ಆ ಹಾರ್ಮೋನು ಭ್ರೂಣಕ್ಕೆ ಕೆಡುಕು. ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ‘ಇದು ಹಳೆಯದೇ’ ಎಂದು ಸುಮ್ಮನಿರುವುದು ಎರಡನೆಯದು. ಇಂಜೆಕ್ಷನ್ ತಪ್ಪಿದ್ದರಿಂದ ಆಗಿರಬಹುದು. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್, ಪಾಲಿಪ್ ಗಡ್ಡೆಗಳು, ಸೋಂಕು, ಗರ್ಭ ಕೂಡ ಕಾರಣವಾಗಿರಬಹುದು. ಗರ್ಭಕಂಠ ಇರುವವರೆಗೆ ಗಡ್ಡ ಬಂದಿದ್ದರೂ ಅದರ ಕ್ಯಾನ್ಸರ್ ತಪಾಸಣೆ ಬೇಕು.

ದಿನನಿತ್ಯದ ತೊಂದರೆ ಇದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ಗಂಡಸರ ಶೌಚಾಲಯದ ಒಳಕೋಣೆಯಲ್ಲಿ ಕಸದ ಡಬ್ಬಿ ಇರುವುದಿಲ್ಲ, ಚಿಲಕ ಎಷ್ಟೋ ಕಡೆ ಮುರಿದಿರುತ್ತದೆ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲೇ ಒಯ್ಯಬೇಕು. ಪ್ಯಾಡಿನ ರೆಕ್ಕೆ ಸಡಿಲವಾದ ಬಾಕ್ಸರ್ ಚಡ್ಡಿಗೆ ಅಂಟುವುದಿಲ್ಲ, ಬಿಗಿಯಾದ ಬ್ರೀಫ್ ಬೇಕು. ನಾಲ್ಕರಿಂದ ಆರು ಗಂಟೆಗೆ ಬದಲಿಸಬೇಕಾದ ಪ್ಯಾಡನ್ನು ಹತ್ತು ಗಂಟೆ ಇಟ್ಟುಕೊಂಡರೆ ತೊಡೆಸಂದು ಉಜ್ಜಿ ಹುಣ್ಣಾಗುತ್ತದೆ. ಮೂತ್ರ ಕಟ್ಟಿಕೊಂಡೇ ಇದ್ದರೆ ಉರಿಮೂತ್ರ ಬರುತ್ತದೆ. ಸರಿಯಾದ ಅಳತೆಯ ಮೆನ್‌ಸ್ಟ್ರುವಲ್ ಕಪ್ 8ರಿಂದ 12 ಗಂಟೆ ತಡೆಯುವುದರಿಂದ ಹೊರಗೆ ಬದಲಿಸುವ ಪ್ರಮೇಯವೇ ತಪ್ಪುತ್ತದೆ. ಒಳಗೆ ಇಡುವುದು ಮನಸ್ಸಿಗೆ ಒಗ್ಗದವರಿಗೆ ರಕ್ತ ಹೀರುವ ಪದರವಿರುವ ಪೀರಿಯಡ್ ಚಡ್ಡಿ ಅನುಕೂಲ.

ಟ್ರಾನ್ಸ್ ಮಹಿಳೆಯರಿಗೆ ಗರ್ಭಕೋಶವಿಲ್ಲ, ಹಾಗಾಗಿ ಮುಟ್ಟಿಲ್ಲ. ಯೋನಿ ರಚನೆಯ ಶಸ್ತ್ರಚಿಕಿತ್ಸೆ ಆದವರಿಗೆ ರಕ್ತ ಕಂಡರೆ ಅದು ಗಾಯದ ಅಂಗಾಂಶ ಬೆಳೆದದ್ದೋ ಸೋಂಕೋ ಆಗಿರುತ್ತದೆ, ತಡಮಾಡದೆ ತೋರಿಸಬೇಕು.

ಹಾಗಾದರೆ ಹೆಣ್ಣು ಯಾರು?

ಹೆಣ್ಣು ಎಂದರೆ ಹೆಣ್ಣಿನ ದೇಹವಿರುವ ವಯಸ್ಕಳು ಎನ್ನುವವರ ಮಾತನ್ನು ಕೇವಲ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಭ್ರೂಣದಲ್ಲೇ ಸ್ಕ್ಯಾನ್ ಮಾಡಿ ಕೊಲ್ಲುವುದು ದೇಹ ನೋಡಿ. ಅದಕ್ಕೆಂದೇ 1994ರಲ್ಲಿ ಕಾನೂನು ತರಬೇಕಾಯಿತು. ಮುಟ್ಟಾದವಳನ್ನು ಹಟ್ಟಿಯಾಚೆ ಕೂರಿಸುವುದು, ಮೈನೆರೆದಳೆಂದು ಶಾಲೆ ಬಿಡಿಸುವುದು, ಹೆರಿಗೆಯಲ್ಲಿ ಸಾಯುವುದು ಎಲ್ಲವೂ ಈ ದೇಹದ ಕಾರಣಕ್ಕೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಹಸುಗೂಸಿನ ಸಮೇತ ಸೂತಕದ ಹೆಸರಿನಲ್ಲಿ ಹೊರಗಿನ ಗುಡಿಸಲಿನಲ್ಲಿ ಇಟ್ಟು, ಮಳೆ ಚಳಿಗೆ ಮಗು ತೀರಿಕೊಂಡಿತು. ಮುಟ್ಟಾದವರನ್ನು, ಬಾಣಂತಿಯರನ್ನು ಹೀಗೆ ಊರಾಚೆ ಇಡುವುದು ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಡಿ ಅಪರಾಧ. ಹಾಗಿದ್ದೂ ನಡೆಯಿತು. ಈ ಎಲ್ಲ ಅನ್ಯಾಯಕ್ಕೆ ಒಂದೇ ಹೆಸರಿಡುವ ‘ಹೆಣ್ಣು’ ಎಂಬ ಪದವನ್ನೇ ತೆಗೆದು ‘ಮುಟ್ಟಾಗುವ ವ್ಯಕ್ತಿಗಳು’ ಎಂದರೆ ಯಾರಿಗೆ ಅನ್ಯಾಯವಾಗಿದೆ ಎನ್ನುವುದೇ ಮಸುಕಾಗುತ್ತದೆ ಎಂಬುದು ಅವರ ಆತಂಕ. 2020ರ ಜೂನ್‌ನಲ್ಲಿ ಬ್ರಿಟನ್ನಿನ ಲೇಖಕಿ ಜೆ.ಕೆ. ರೌಲಿಂಗ್ ಲೇಖನವೊಂದರ ಇಂಥದೇ ಶೀರ್ಷಿಕೆಯನ್ನು ಆಕ್ಷೇಪಿಸಿದಾಗ ಎದ್ದ ವಾಗ್ವಾದ ಇನ್ನೂ ತಣಿದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು, 2010ರ ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕ ಲಿಂಗ ಎಂದು ತೀರ್ಪಿತ್ತಿತು. ಟ್ರಾನ್ಸ್ ಜನರಿಗೆ ಅದೇ ಕಾಯ್ದೆಯಲ್ಲಿ ಬೇರೆ ಕಲಮಿನಡಿ ರಕ್ಷಣೆ ಇದ್ದೇ ಇದೆ ಎಂದೂ ಸ್ಪಷ್ಟಪಡಿಸಿತು.

ಭಾರತದ ನ್ಯಾಯಾಲಯಗಳು ಹಿಡಿದ ದಾರಿ ಬೇರೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ, ನಾಲ್ಸಾ ಎಂದು ಕರೆಯುವ ತೀರ್ಪು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಹಿಂದೂ ವಿವಾಹ ಕಾಯ್ದೆಯಲ್ಲಿ ‘ವಧು’ ಎಂದರೆ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದು ಹೇಳಿ ಒಂದು ಮದುವೆಯನ್ನು ನೋಂದಾಯಿಸಲು ಆದೇಶಿಸಿತು. ಅಂತರ್‌ಲಿಂಗಿ ಶಿಶುಗಳಿಗೆ (ಹುಟ್ಟಿನಲ್ಲೇ ದೇಹದ ಲಕ್ಷಣಗಳು ಗಂಡು ಹೆಣ್ಣು ಎಂದು ಸ್ಪಷ್ಟವಿಲ್ಲದವರಿಗೆ) ಒಪ್ಪಿಗೆಯಿಲ್ಲದೆ ಮಾಡುವ ಶಸ್ತ್ರಚಿಕಿತ್ಸೆಗೆ ತಮಿಳುನಾಡಿನಲ್ಲಿ ನಿಷೇಧ ಬಂದದ್ದೂ ಅದೇ ತೀರ್ಪಿನಿಂದ. ಕ್ರೀಡೆಯಲ್ಲಂತೂ ಮುಟ್ಟೂ ಅಲ್ಲ, ಗುರುತೂ ಅಲ್ಲ, ಹಾರ್ಮೋನು ಮತ್ತು ಜೀನ್ ಅಳತೆಗೋಲು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ನಂತರ ಕಳೆದುಕೊಂಡ ತಮಿಳುನಾಡಿನ ಶಾಂತಿ ಸೌಂದರಾಜನ್ ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದವರು.

ಮೂರನೆಯ ನೋಟ ಸ್ತ್ರೀವಾದಿಗಳಲ್ಲೇ ಹಳೆಯದು. ದೇಹ ದೇಹವೇ, ಆದರೆ ಅಡುಗೆ, ನಾಚಿಕೆ, ತಗ್ಗಿ ನಡೆಯುವುದು ಇವೆಲ್ಲ ಕಲಿಸಿದ್ದು; ಹೆಣ್ತನವೆಂದರೆ ಈ ಕಲಿಸಿದ್ದರ ಮೊತ್ತ ಎನ್ನುವುದು. ಮುಟ್ಟಿನ ದಿನವೇ ಈ ಪಾಠ ಅಧಿಕೃತವಾಗಿ ಶುರುವಾಗುವುದನ್ನು ನೋಡಿದರೆ ಇದರ ಬಲ ತಿಳಿಯುತ್ತದೆ. ತಮಾಷೆಯೆಂದರೆ ಟ್ರಾನ್ಸ್ ಹಕ್ಕಿನ ಪರ ಇರುವವರೂ ವಿರೋಧ ಇರುವವರೂ ಇದೇ ವಾದದಿಂದ ತಮಗೆ ಬೇಕಾದ ಆಧಾರ ಎತ್ತಿಕೊಳ್ಳುತ್ತಾರೆ.

ಕನ್ನಡ ನಾಡಿನ ಒಳಗೇ ಈ ಪ್ರಶ್ನೆಗೆ ಹಲವು ಉತ್ತರಗಳು ಹುಟ್ಟಿವೆ. ಲಿಂಗಾಯತ ಧರ್ಮ ಐದು ಸೂತಕಗಳನ್ನು ತಿರಸ್ಕರಿಸಿತು, ಅದರಲ್ಲಿ ರಜಸ್ಸೂತಕವೂ ಒಂದು. ಇಷ್ಟಲಿಂಗ ಕಟ್ಟಿಕೊಂಡ ಹೆಣ್ಣು ಮುಟ್ಟಿನ ದಿನವೂ ಲಿಂಗಪೂಜೆ ಬಿಡಬೇಕಿಲ್ಲ. ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿಯೇ ಮೂರು ದಿನ ಮುಟ್ಟಾಗುತ್ತಾಳೆ, ನೆಲ ಅಗೆಯುವುದಿಲ್ಲ, ಕೊನೆಯ ದಿನ ಅವಳಿಗೆ ಎಣ್ಣೆ ಬಿಟ್ಟು ಸ್ನಾನದ ಶಾಸ್ತ್ರ ಮಾಡುತ್ತಾರೆ. ಅಲ್ಲಿ ಮುಟ್ಟು ಫಲವತ್ತತೆಯ ಗುರುತು, ವಿಶ್ರಾಂತಿಯ ಹಕ್ಕು. ಗಂಡಾಗಿ ಹುಟ್ಟಿ ಸವದತ್ತಿಯ ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪಂದಿರಿಗೆ ಹೆಣ್ತನ ಬಂದದ್ದು ಗರ್ಭಕೋಶದಿಂದಲ್ಲ, ದೇವಿಯಿಂದ. ದೀಕ್ಷೆಯ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಜಗ (ದೇವಿಯ ಮೂರ್ತಿಯಿಟ್ಟ ಬುಟ್ಟಿ) ಹೊತ್ತರೆ ಊರಿನವರು ಪಡಲಗಿಗೆ (ಭಿಕ್ಷೆಯ ಬುಟ್ಟಿಗೆ) ಜೋಳ ಹಾಕಿ ಕೈಮುಗಿಯುತ್ತಾರೆ. ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀಯನ್ನೂ ಪಡೆದರು. ಆದರೆ ಅದೇ ಜೋಗಪ್ಪ ಬಾಡಿಗೆ ಮನೆ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ ಎನ್ನುವುದನ್ನೂ ಹೇಳಲೇಬೇಕು.

ಇಷ್ಟರಲ್ಲಿ ಒಂದು ವ್ಯಾಖ್ಯಾನವನ್ನು ಆರಿಸಿ ಎಲ್ಲ ಕಡೆ ಹೊಡೆಯುವುದು ಬೇಡ ಎನ್ನುವುದು ಈ ಬರಹದ ನಿಲುವು. ನಿಯಮ ಯಾತಕ್ಕಾಗಿ ಇದೆ ಎಂದು ಮೊದಲು ಕೇಳಬೇಕು. ರಕ್ತಕ್ಕೆ ಸಂಬಂಧಿಸಿದ್ದಾದರೆ ದೇಹವನ್ನು ಹಿಡಿದು ಬರೆಯಬೇಕು. ಗೌರವ, ಹೆಸರು, ಸಂಬೋಧನೆ, ದಾಖಲೆ ಇವುಗಳ ವಿಷಯವಾದರೆ ವ್ಯಕ್ತಿ ಹೇಳಿದ್ದನ್ನು ಹಿಡಿಯಬೇಕು. ಹೆಣ್ಣಿಗೆ ಆದ ಅನ್ಯಾಯದ ಮಾತಾದರೆ ‘ಹೆಣ್ಣು’ ಎಂದು ಸ್ಪಷ್ಟವಾಗಿಯೇ ಹೇಳಬೇಕು. ‘ಹೆಣ್ಣುಮಕ್ಕಳು ಮತ್ತು ಮುಟ್ಟಾಗುವ ಇತರರು’ ಎಂದರೆ ಎರಡು ಪದ ಹೆಚ್ಚಾಗುತ್ತದೆ, ಯಾರ ಹೆಸರೂ ಅಳಿಯುವುದಿಲ್ಲ. ಸ್ಕಾಟ್ಲೆಂಡ್ 2021ರ ಕಾಯ್ದೆಯಲ್ಲಿ ಪ್ಯಾಡುಗಳನ್ನು ಬೇಕಾದವರೆಲ್ಲರಿಗೂ ಉಚಿತವೆಂದು ಬರೆದು ಈ ಗೊಂದಲವನ್ನೇ ತಪ್ಪಿಸಿತು.

ಆದೇಶ, ಅರ್ಜಿ, ಶೌಚಾಲಯ

ಕರ್ನಾಟಕ ಸರ್ಕಾರ 2025ರಲ್ಲಿ ತಂದ ಮುಟ್ಟಿನ ರಜೆಯ ಆದೇಶವನ್ನೇ ನೋಡಿ. 18ರಿಂದ 52 ವಯಸ್ಸಿನ ಮಹಿಳಾ ನೌಕರರಿಗೆ ತಿಂಗಳಿಗೊಂದು, ವರ್ಷಕ್ಕೆ 12 ವೇತನ ಸಹಿತ ರಜೆ. ಕಾರ್ಖಾನೆ, ಅಂಗಡಿ, ತೋಟ, ಬೀಡಿ, ಮೋಟಾರು ಸಾರಿಗೆಯ ಕಾನೂನುಗಳಡಿ ನೋಂದಾಯಿತ ಸಂಸ್ಥೆಗಳಿಗೆ ಅನ್ವಯ. ವೈದ್ಯರ ಚೀಟಿ ಬೇಕಿಲ್ಲ. ಆ ತಿಂಗಳ ರಜೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಚೀಟಿ ಕೇಳದಿರುವುದು ಬಹಳ ಒಳ್ಳೆಯ ತೀರ್ಮಾನ. ಅದರಿಂದಾಗಿ ಗರ್ಭಕೋಶ ಇಲ್ಲದವಳು ಮೇಲಧಿಕಾರಿಯ ಮುಂದೆ ತನ್ನ ದೇಹದ ವಿವರ ಬಿಚ್ಚಿಡಬೇಕಿಲ್ಲ. ಆದರೆ ಗಾರ್ಮೆಂಟ್ಸ್‌ನಲ್ಲಿ ಗಂಡಸಿನ ಹೆಸರಿನಲ್ಲಿ ದುಡಿಯುವ ಟ್ರಾನ್ಸ್ ಪುರುಷನಿಗೆ ‘ಮಹಿಳಾ ನೌಕರ’ ಎಂಬ ಪದ ಬಾಗಿಲು ಹಾಕುತ್ತದೆ. ‘ಮುಟ್ಟಾಗುವ ನೌಕರರೂ ಸೇರಿದಂತೆ’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಮನೆಗೆಲಸದವರು, ಕೂಲಿಯವರು ಆದೇಶದ ಹೊರಗೇ ಉಳಿದದ್ದು ಇದಕ್ಕಿಂತ ದೊಡ್ಡ ಕೊರತೆ. ಇಂಥ ರಜೆಯೇ ಬೇಡ, ಮುಟ್ಟು ಅಂಗವಿಕಲತೆಯಲ್ಲ, ರಜೆಯ ನೆಪದಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಕೊಡುವುದೇ ಕಡಿಮೆಯಾದೀತು ಎನ್ನುವ ವಾದವನ್ನು ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ 2023ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲೇ ಮಂಡಿಸಿದ್ದರು. ಬಿಹಾರದಲ್ಲಿ 1992ರಿಂದ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡು ದಿನ ರಜೆಯಿದೆ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ‘ಪುರುಷ’ ಎಂದು ಒತ್ತಿದ ಕೂಡಲೇ ಮುಟ್ಟಿನ ಪ್ರಶ್ನೆಗಳೇ ಮಾಯವಾಗುತ್ತವೆ, ಗರ್ಭ ಪರೀಕ್ಷೆ ಬರೆಯಲು ಜಾಗವಿರುವುದಿಲ್ಲ. ಇದಕ್ಕೆ ಪರಿಹಾರ ಅರ್ಜಿಯಲ್ಲಿ ಬೇರೆ ಬೇರೆ ಸಾಲು ಇಡುವುದು: ನಿಮ್ಮ ಹೆಸರೇನು, ಹೇಗೆ ಕರೆಯಬೇಕು, ಹುಟ್ಟಿದಾಗ ದಾಖಲಾದ ಲಿಂಗ ಯಾವುದು, ಗರ್ಭಕೋಶ, ಅಂಡಾಶಯ, ಗರ್ಭಕಂಠಗಳಲ್ಲಿ ಯಾವುವು ಇವೆ, ಯಾವ ಹಾರ್ಮೋನು ತೆಗೆದುಕೊಳ್ಳುತ್ತಿದ್ದೀರಿ, ಕೊನೆಯ ಸಲ ರಕ್ತಸ್ರಾವ ಆದದ್ದು ಯಾವಾಗ. ಈ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿದರೆ ಗರ್ಭಕೋಶ ತೆಗೆಸಿಕೊಂಡ ಗೃಹಿಣಿಗೆ ‘ಡೇಟ್ ಯಾವಾಗ ಆಯ್ತಮ್ಮ’ ಎಂದು ಮತ್ತೆ ಮತ್ತೆ ಕೇಳುವ ಮುಜುಗರವೂ ತಪ್ಪುತ್ತದೆ. ಲ್ಯಾಬ್ ವರದಿಯಲ್ಲೂ ಎಚ್ಚರ ಬೇಕು. ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಒಂದು ವರ್ಷದಿಂದ ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುತ್ತಿರುವವರ ದಾಖಲೆಯಲ್ಲಿ ‘ಸ್ತ್ರೀ’ ಎಂದಿದ್ದು 12.3 ಬಂದರೆ ಯಂತ್ರ ಸಹಜವೆಂದು ಮುದ್ರಿಸುತ್ತದೆ. ಆ ದೇಹಕ್ಕೆ ಅದು ಕಡಿಮೆಯೇ, ಎಲ್ಲಿ ರಕ್ತ ಹೋಗುತ್ತಿದೆ ಎಂದು ಹುಡುಕಬೇಕು.

ಶೌಚಾಲಯದ ವಿಷಯದಲ್ಲಿ ಜಗಳವೆಲ್ಲ ಬೋರ್ಡಿನ ಮೇಲೆ ಏನು ಬರೆಯಬೇಕೆಂದು. ಹೆಣ್ಣುಮಕ್ಕಳಿಗೆ ಪ್ರತ್ಯೇಕ, ಸುರಕ್ಷಿತ ಜಾಗ ಇರಲೇಬೇಕು, ಅದನ್ನು ಕಿತ್ತುಕೊಳ್ಳುವ ಮಾತು ಬೇಡ. ಅದರ ಜೊತೆಗೆ, ನೆಲದಿಂದ ಚಾವಣಿಯವರೆಗೆ ಗೋಡೆ, ಒಳಗಿನಿಂದ ಗಟ್ಟಿಯಾದ ಚಿಲಕ, ಒಳಗೇ ನಲ್ಲಿ, ಮುಚ್ಚಳವಿರುವ ಡಬ್ಬಿ, ಬ್ಯಾಗು ತೂಗುಹಾಕಲು ಒಂದು ಮೊಳೆ ಇರುವ ಒಂಟಿ ಕೋಣೆಯೊಂದನ್ನು ಯಾರು ಬೇಕಾದರೂ ಬಳಸುವಂತೆ ಕಟ್ಟಬೇಕು. ಮಗುವನ್ನು ಕರೆತಂದ ತಂದೆ, ಗಾಲಿಕುರ್ಚಿಯವರು, ಕಪ್ ತೊಳೆಯಬೇಕಾದವರು, ಟ್ರಾನ್ಸ್ ವಿದ್ಯಾರ್ಥಿ ಎಲ್ಲರಿಗೂ ಅದು ಸಾಕಾಗುತ್ತದೆ. ಗಂಡಸರ ಶೌಚಾಲಯದ ಒಂದು ಒಳಕೋಣೆಗಾದರೂ ಇಂದೇ ಒಂದು ಡಬ್ಬಿ ಇಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ. ಡಬ್ಬಿಯನ್ನು ದಿನಕ್ಕೊಮ್ಮೆ ಖಾಲಿ ಮಾಡಿಸಬೇಕು, ಪೌರಕಾರ್ಮಿಕರಿಗೆ ಕೈಗವಸು ಕೊಡಬೇಕು, ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಹಸಿ ಕಸದಿಂದ ಬೇರೆ ಇಡಬೇಕು.